ಸ್ಟೇಡಿಯಂಗೆ ಹೋಗೋದು ಗೊತ್ತು, ಹುಷಾರಾಗಿ ಹೊರಗೆ ಬರೋದು ಹೇಗೆ?

ಟಿಕೆಟ್ ಸಿಕ್ಕಿದ್ರೆ ಜರ್ಸಿ ಯಾವ್ದು, ಎಷ್ಟೊತ್ತಿಗೆ ಹೊರಡೋದು ಅಂತೆಲ್ಲ ಪ್ಲಾನ್ ಮಾಡ್ತೀವಿ, ಆದ್ರೆ 50 ಸಾವಿರ ಜನ ಒಟ್ಟಿಗೆ ಎದ್ದು ಹೊರಟಾಗ ನಾನು ಯಾವ ಕಡೆಯಿಂದ ಹೋಗ್ಲಿ ಅಂತ ಯೋಚ್ನೆ ಮಾಡೋರು ಕಮ್ಮಿ. ಸೆಕ್ಯುರಿಟಿ ಅಂದ್ರೆ ಮೆಟಲ್ ಡಿಟೆಕ್ಟರ್, ಬ್ಯಾಗ್ ಚೆಕಿಂಗ್ ಅಷ್ಟೇ ಅನ್ಕೊಂಡಿದೀವಿ. ಅದೂ ಬೇಕು, ಆದ್ರೆ ಸ್ಟೇಡಿಯಂಗಳಲ್ಲಿ ಜನ ಸತ್ತಿರೋದು ಜಾಸ್ತಿ ಒತ್ತಡಕ್ಕೆ ಸಿಕ್ಕಿ. ಇದಕ್ಕೆ ನಾವು ಕಾಲ್ತುಳಿತ ಅಂತೀವಲ್ಲ, ಆ ಪದಾನೇ ಸ್ವಲ್ಪ ದಾರಿ ತಪ್ಸುತ್ತೆ. ಎಷ್ಟೋ ಜನ ಯಾರ ಕಾಲಡಿಗೂ ಬಿದ್ದಿರಲ್ಲ, ಎದೆ ಹಿಗ್ಗೋಕೆ ಜಾಗ ಇಲ್ದೆ ನಿಂತಲ್ಲೇ ಉಸಿರುಗಟ್ಟಿ ಹೋಗಿರ್ತಾರೆ.

ಮೊದಲ್ನೇದು, ಬೇಗ ಹೋಗಿ, ಬ್ಯಾಗ್ ಚಿಕ್ಕದಿರಲಿ. ಎಲ್ಲರೂ ಒಂದೇ ಹೊತ್ತಿಗೆ ಗೇಟ್ ಹತ್ರ ಗುಂಪಾದಾಗ್ಲೇ ತೊಂದ್ರೆ ಶುರು. ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಸ್ಟೇಡಿಯಂನಲ್ಲಿ 1989ರ ಏಪ್ರಿಲ್ 15ಕ್ಕೆ ಆಗಿದ್ದು ಅದೇ, ಹೊರಗಿನ ಒತ್ತಡ ತಡೀಲಾರದೆ ಪೊಲೀಸರು ಇನ್ನೊಂದು ಗೇಟ್ ತೆಗೆಸಿದ್ರು, ಜನ ಸುರಂಗದಂಥ ದಾರೀಲಿ ಆಗ್ಲೇ ತುಂಬಿದ್ದ ಕಡೆಗೇ ನುಗ್ಗಿದ್ರು, ಮುಂದಿದ್ದೋರು ಕಬ್ಬಿಣದ ಬೇಲಿಗೆ ಒತ್ತಿಕೊಂಡು 97 ಜನ ಹೋದ್ರು. ಹಿಂದಿದ್ದೋರಿಗೆ ಮುಂದೆ ಏನಾಗ್ತಿದೆ ಅಂತ ಗೊತ್ತೇ ಇರ್ಲಿಲ್ಲ.

ಸೀಟಿಗೆ ಹೋದ್ಮೇಲೆ ಸೆಲ್ಫಿ ಆಮೇಲೆ, ಮೊದ್ಲು ಎರಡು ದಾರಿ ನೋಡಿಟ್ಕೊಳ್ಳಿ. ಗಾಬರೀಲಿ ಎಲ್ಲರೂ ಬಂದ ದಾರೀಲೇ ವಾಪಸ್ ಓಡ್ತಾರೆ. 1985ರಲ್ಲಿ ಇಂಗ್ಲೆಂಡಿನದೇ ಬ್ರಾಡ್‌ಫರ್ಡ್‌ನ ಫುಟ್‌ಬಾಲ್ ಮೈದಾನದ ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದಾಗ ಹಿಂದಿನ ಗೇಟಿನ ಕಡೆ ಓಡಿದ ಕೆಲವರಿಗೆ ಸಿಕ್ಕಿದ್ದು ಬೀಗ, ಮೈದಾನದ ಕಡೆ ಹಾರಿದ ಎಷ್ಟೋ ಜನ ಉಳ್ಕೊಂಡ್ರು. ಅಲ್ಲಿ ಸತ್ತಿದ್ದು 56 ಜನ. ನಿಮ್ಮ ಸ್ಟ್ಯಾಂಡಿನ ಗೇಟಿಗೂ ಬೀಗ ಕಂಡ್ರೆ ಸಿಬ್ಬಂದಿನ ಕೇಳಿ, ಸಂಕೋಚ ಬೇಡ.

ಇನ್ನು ಗುಂಪು. ನಿಂತು ನೋಡೋ ಜಾಗಕ್ಕೆ ಬ್ರಿಟನ್ನಿನ ಸುರಕ್ಷತಾ ಮಾರ್ಗದರ್ಶಿ ಹಾಕಿರೋ ಮಿತಿ 10 ಚದರ ಮೀಟರಿಗೆ 47 ಜನ. ಅದನ್ನ ಅಳೆಯೋಕೆ ಟೇಪ್ ಬೇಡ, ಕೈ ಎತ್ತಿ ಸಲೀಸಾಗಿ ಮುಖ ಮುಟ್ಕೋಬಹುದಾ ನೋಡಿ. ಆಗ್ತಿಲ್ಲ ಅಂದ್ರೆ ಆಗ್ಲೇ ಹೊರಡಿ, ಮ್ಯಾಚ್ ಎಷ್ಟೇ ಟೈಟಾಗಿರ್ಲಿ. ನೀವು ಹೆಜ್ಜೆ ಇಡದೇನೇ ಮೈ ಅಲೆ ಥರ ಆ ಕಡೆ ಈ ಕಡೆ ಹೋಗ್ತಿದ್ರೆ ಇದು ದೊಡ್ಡ ಅಪಾಯ, ಆಗ ಎರಡೂ ಕೈನ ಬಾಕ್ಸರ್ ಥರ ಎದೆ ಮುಂದೆ ಇಟ್ಟು ಉಸಿರಿಗೆ ಒಂಚೂರು ಜಾಗ ಮಾಡ್ಕೊಳ್ಳಿ, ಎದುರು ತಳ್ಳೋಕೆ ಹೋಗ್ಬೇಡಿ, ಅಲೆ ನಿಂತ ಗ್ಯಾಪಲ್ಲಿ ಓರೆಯಾಗಿ ಅಂಚಿನ ಕಡೆ ಸರೀತಾ ಹೋಗಿ. ಗೋಡೆ, ಬೇಲಿ ಹತ್ರ ಮಾತ್ರ ಬೇಡ. ಕೂಗಾಡಿದ್ರೆ ಉಸಿರು ವೇಸ್ಟು. ಫೋನ್ ಬಿತ್ತಾ? ಬಿಟ್ಬಿಡಿ, ಬಗ್ಗಿದ್ರೆ ಏಳೋದು ಕಷ್ಟ. ಅಕಸ್ಮಾತ್ ನೀವೇ ಬಿದ್ರೆ, ಏಳೋಕಾಗದಿದ್ರೆ, ಪಕ್ಕಕ್ಕೆ ಮಲಗಿ ಮುದುಡ್ಕೊಂಡು ತಲೆಗೆ ಕೈ ಅಡ್ಡ ಇಡಿ.

ಕೆಲವೊಮ್ಮೆ ಕಾವಲಿಗೆ ನಿಂತೋರೇ ಗಾಬರಿ ಹುಟ್ಟಿಸ್ತಾರೆ. ಮೈದಾನದ ಬದಿ ಅಶ್ರುವಾಯು ಬಳಸ್ಬಾರ್ದು ಅಂತ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ರೂಲೇ ಇದೆ, ಆದ್ರೂ 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಕಂಜುರುಹಾನ್ ಸ್ಟೇಡಿಯಂನಲ್ಲಿ ಪೊಲೀಸರು ಸಿಡಿಸಿದ್ರು, ಜನ ಇಕ್ಕಟ್ಟಾದ ಗೇಟುಗಳ ಕಡೆ ನುಗ್ಗಿ 135 ಜನ ಸತ್ರು.

ಮ್ಯಾಚ್ ಮುಗಿದ ತಕ್ಷಣ ಏಳ್ಬೇಡಿ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಐಬ್ರಾಕ್ಸ್ ಸ್ಟೇಡಿಯಂನಲ್ಲಿ 1971ರ ಜನವರಿ 2ರಂದು 66 ಜನ ಸತ್ತಿದ್ದು ಆಟ ಮುಗಿದು ಮೆಟ್ಟಿಲು ಇಳಿಯೋವಾಗ. ಅಕ್ಕಪಕ್ಕ ಖಾಲಿ ಆಗೋವರೆಗೂ ಕೂತು ಹರಟೆ ಹೊಡೀರಿ, ಆಮೇಲೆ ಕಂಬಿ ಹಿಡ್ಕೊಂಡು ಇಳೀರಿ. ಬೆಂಕಿ ಗಿಂಕಿ ಬಿದ್ರೆ, ಅನೌನ್ಸ್‌ಮೆಂಟ್ ಆದ್ರೆ ಬೇರೆ ಮಾತು, ಆಗ ಕೂರೋ ಹಾಗಿಲ್ಲ.

ಹಾಂ, ಆ ಜನಜಂಗುಳೀಲಿ ನೆಟ್‌ವರ್ಕ್ ಸಿಗೋದೇ ಡೌಟು. ತಪ್ಪಿಸ್ಕೊಂಡ್ರೆ ಎಲ್ಲಿ ಸೇರೋದು ಅಂತ ಒಳಗೆ ಹೋಗೋಕೆ ಮುಂಚೆನೇ ಮಾತಾಡ್ಕೊಳ್ಳಿ, ಆ ಜಾಗ ಗೇಟಿಂದ ದೂರ ಇರ್ಲಿ. ಮಕ್ಕಳಿದ್ರೆ ಅವ್ರ ಕೈ ಮೇಲೆ ಪೆನ್ನಲ್ಲಿ ನಿಮ್ಮ ಫೋನ್ ನಂಬರ್ ಬರೀರಿ, ಚೀಟಿ ಬೇಡ, ಅದನ್ನ ಅವ್ರು ಎಲ್ಲೋ ಬೀಳಿಸ್ತಾರೆ.