ಹಳೆಯ ಮೋರಿಸ್ ಮೈನರ್‌ನ ರೇಡಿಯೇಟರ್‌ನಿಂದ ಎಲೆಕ್ಟ್ರಿಕ್ ಫ್ಯಾನ್ ತೆಗೆದ ಬಗೆ

ನನ್ನ ಮೋರಿಸ್ ಮೈನರ್ 1000 ಕಾರಿಗೆ ಹಿಂದಿನ ಮಾಲೀಕರು ಯಾವಾಗಲೋ ಎಲೆಕ್ಟ್ರಿಕ್ ಫ್ಯಾನೊಂದನ್ನು ತಂದು ರೇಡಿಯೇಟರ್‌ನ ಮುಂಬದಿಗೆ ಕೂರಿಸಿದ್ದರು. ವಾಟರ್ ಪಂಪ್‌ನ ಪುಲ್ಲಿಯೊಂದಿಗೆ ತಿರುಗುವ ಮೂಲ ಫ್ಯಾನ್ ಸುಸ್ಥಿತಿಯಲ್ಲಿಯೇ ಇದ್ದುದರಿಂದ ಇದರ ಅಗತ್ಯ ನನಗೆ ಕಾಣಲಿಲ್ಲ. ಈ ಕಾರಿನಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಲೂಕಸ್ ಸಿ40 ಡೈನಮೊ ಕೊಡುವುದು ಹೆಚ್ಚೆಂದರೆ 22 ಆಂಪಿಯರ್; ರಾತ್ರಿ ಹೆಡ್‌ಲೈಟ್ ಉರಿಯುವಾಗ ಈ ಫ್ಯಾನೂ ತಿರುಗತೊಡಗಿದರೆ, ಕಾರು ನಿಧಾನವಾಗಿ ಓಡುವಾಗ ಬ್ಯಾಟರಿ ಚಾರ್ಜ್ ಆಗುವುದಿರಲಿ, ಇದ್ದುದೂ ಇಳಿಯುತ್ತಿತ್ತು. ಸಾಲದ್ದಕ್ಕೆ, ಕಾರು ಓಡುವಾಗ ಎದುರಿನಿಂದ ನುಗ್ಗುವ ಗಾಳಿಗೆ ಅದರ ಮೋಟರೂ ಚೌಕಟ್ಟೂ ಅಡ್ಡವಾಗಿದ್ದವು.

ಎಂಜಿನ್ ರಾತ್ರಿಯಿಡೀ ತಣಿದ ಮೇಲೆಯೇ ಕೆಲಸಕ್ಕೆ ಕೈ ಹಾಕಿದೆ. ಮೊದಲು ಬ್ಯಾಟರಿಯ ಅರ್ಥ್ ತಂತಿಯನ್ನು, ಅಂದರೆ ಕಾರಿನ ಲೋಹದ ಒಡಲಿಗೆ ಜೋಡಿಸಿದ ತಂತಿಯನ್ನು, ಬಿಚ್ಚಿದೆ. ಈ ಕಾರಿನಲ್ಲಿ ಅರ್ಥ್ ಆಗಿರುವುದು ಪಾಸಿಟಿವ್ ತುದಿ, ಆದ್ದರಿಂದ ಅಭ್ಯಾಸಬಲದಿಂದ ನೆಗೆಟಿವ್ ಕಡೆಗೆ ಸ್ಪ್ಯಾನರ್ ಒಯ್ಯಬಾರದು. ಫ್ಯಾನಿನ ವೈರನ್ನು ಹಿಡಿದು ಹಿಂದಕ್ಕೆ ಹೋದಾಗ ರಿಲೇಯೂ (ಹೆಚ್ಚಿನ ಕರೆಂಟನ್ನು ಸ್ವಿಚ್‌ನ ಬದಲು ತಾನು ಹೊರುವ ಸಾಧನ) ಇಲ್ಲದೆ, ಫ್ಯೂಸೂ ಇಲ್ಲದೆ ಅದನ್ನು ನೇರವಾಗಿ ಇಗ್ನಿಷನ್ ಸ್ವಿಚ್‌ಗೆ ಸಿಕ್ಕಿಸಿರುವುದು ಕಂಡಿತು. ಟರ್ಮಿನಲ್ ಬಳಿ ಅದರ ಹೊದಿಕೆ ಬಿಸಿಗೆ ಒಣಗಿ, ಬಗ್ಗಿಸಿದೊಡನೆ ಉದುರಿತು. ಆ ವೈರನ್ನು ಪೂರ್ತಿಯಾಗಿ ಕಿತ್ತು ತೆಗೆದೆ.

ಫ್ಯಾನನ್ನು ಹಿಡಿದಿದ್ದುದು ರೇಡಿಯೇಟರ್‌ನ ಫಿನ್‌ಗಳ, ಅಂದರೆ ತೆಳು ಲೋಹದ ಪಟ್ಟಿಗಳ, ನಡುವೆ ತೂರಿಸಿದ ನಾಲ್ಕು ಪ್ಲಾಸ್ಟಿಕ್ ಕಡ್ಡಿಗಳು. ಮುಂದೆ ಅವುಗಳ ತಲೆ, ಎಂಜಿನ್ ಬದಿಯಲ್ಲಿ ಲಾಕ್ ಮಾಡುವ ಗುಂಡಿ, ಎರಡೂ ಕಡೆ ರಬ್ಬರ್ ಪ್ಯಾಡ್. ಮೊದಲನೆಯ ಕಡ್ಡಿಯ ಗುಂಡಿಯನ್ನು ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿ ಅವಸರದಲ್ಲಿ ಎಳೆದುಬಿಟ್ಟೆ. ಕಡ್ಡಿಯ ಹಲ್ಲುಗಳು ಸಿಕ್ಕಿಕೊಂಡು ಐದಾರು ಫಿನ್‌ಗಳು ಮಡಚಿದವು. ಉಳಿದ ಮೂರಕ್ಕೆ ಸಾಬೂನು ನೀರು ಹನಿಸಿ, ಒಂದು ಕೈಯಲ್ಲಿ ಫ್ಯಾನಿನ ಭಾರ ಹೊತ್ತು, ಇನ್ನೊಂದರಿಂದ ಕಡ್ಡಿಯನ್ನು ಸ್ವಲ್ಪವೂ ಓರೆಯಾಗದಂತೆ ನೇರವಾಗಿ ಹೊರಗೆಳೆದೆ. ಒಂದೂ ಫಿನ್ ಕೆಡಲಿಲ್ಲ.

ಎಡಗಡೆಯ ಕೆಳಗಿನ ಕಡ್ಡಿ ಹೊರಬಂದಾಗ ಅಲ್ಲಿ ಹಸಿರು ಕಿಲುಬು ಕಾಣಿಸಿತು. ಅಲ್ಲಿನ ಪ್ಯಾಡ್ ಎಂದೋ ಉದುರಿಹೋಗಿತ್ತು. ಫ್ಯಾನ್ ನಡುಗಿದಾಗಲೆಲ್ಲ ಕಡ್ಡಿಯು ಪಕ್ಕದ ಹಿತ್ತಾಳೆಯ ಕೊಳವೆಯನ್ನು ತಿಕ್ಕಿ ಉಗುರಿನಗಲದಷ್ಟು ಜಾಗವನ್ನು ಹೊಳೆಯುವಂತೆ ಸವೆಸಿತ್ತು, ಅದರ ನಡುವಿನಿಂದ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸಣ್ಣಗೆ ಒಸರುತ್ತಿತ್ತು. ಕೂಲೆಂಟ್ ಆಗಾಗ ಕಡಿಮೆಯಾಗುತ್ತಿದ್ದುದರ ಕಾರಣ ಇದೇ ಎಂಬುದು ಆಗ ತಿಳಿಯಿತು. ರೇಡಿಯೇಟರ್‌ನ ಒಡಲಿಗೆ ಕಡ್ಡಿ ತೂರಿಸಿ ಫ್ಯಾನ್ ಕಟ್ಟುವ ಕ್ರಮವನ್ನೇ ನಾನು ಒಪ್ಪುವುದಿಲ್ಲ. ಫ್ಯಾನ್ ಬೇಕೇ ಬೇಕೆಂದರೆ ಅದಕ್ಕೆ ಪ್ರತ್ಯೇಕ ಬ್ರಾಕೆಟ್ ಮಾಡಿಸಬೇಕು.

ಕೂಲೆಂಟನ್ನು ಟ್ರೇಗೆ ಇಳಿಸಿ ಕೂಡಲೇ ಮುಚ್ಚಿಟ್ಟೆ, ಏಕೆಂದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು, ನಾಯಿ ಬೆಕ್ಕುಗಳು ನೆಕ್ಕಿದರೆ ಜೀವಕ್ಕೇ ಕುತ್ತು. ರೇಡಿಯೇಟರನ್ನು ಬಿಚ್ಚಿ, ಸವೆದ ಜಾಗಕ್ಕೆ ನುರಿತವರಿಂದ ಬೆಸುಗೆ ಹಾಕಿಸಿದೆ. ಮಡಚಿದ ಫಿನ್‌ಗಳನ್ನು ಮೊಂಡು ಚಾಕುವಿನಿಂದ ಒಂದೊಂದಾಗಿ ನೆಟ್ಟಗೆ ಮಾಡಿದೆ. ಬಿಸಿಯೇರಿದಾಗ ಫ್ಯಾನನ್ನು ಚಾಲೂ ಮಾಡುವ ಥರ್ಮೋಸ್ಟಾಟ್ ಸ್ವಿಚ್ಚಿನ ಸಣ್ಣ ನಳಿಕೆಯನ್ನು ಮೇಲಿನ ಹೋಸ್‌ನ ಬಾಯೊಳಗೆ ತೂರಿಸಿದ್ದರಿಂದ ಅಲ್ಲಿ ಗೀರು ಬಿದ್ದಿತ್ತು, ಆ ಹೋಸನ್ನೂ ಬದಲಿಸಿದೆ. ಇನ್ನು ಮೂಲ ಫ್ಯಾನೊಂದೇ ಎಲ್ಲವನ್ನೂ ನಿಭಾಯಿಸಬೇಕಾದ್ದರಿಂದ, ಅದನ್ನು ತಿರುಗಿಸುವ ಬೆಲ್ಟನ್ನು ನಡುವೆ ಒತ್ತಿದರೆ ಸುಮಾರು 12 ಮಿ.ಮೀ. ಬಗ್ಗುವಷ್ಟು ಬಿಗಿ ಮಾಡಿದೆ. ಅರ್ಧ ಗಂಟೆ ಎಂಜಿನ್ ಓಡಿಸಿ ಆರಲು ಬಿಟ್ಟು, ಮರುದಿನ ಬೆಳಿಗ್ಗೆ ಬೆಸುಗೆಯ ಕೆಳಗೆ ಕಾಗದ ಒತ್ತಿ ನೋಡಿದಾಗ ಅದು ಒಣಗಿಯೇ ಇತ್ತು.