ಯಾರೂ ಇಲ್ಲದಾಗ ನಾಯಿ ಸೋಫಾ ಹತ್ತದ ಹಾಗೆ ಮಾಡುವುದು ಹೇಗೆ

ಬಾಗಿಲಿಗೆ ಕೀ ಹಾಕಿದ ಕೂಡಲೇ ಒಳಗಿಂದ ದಬ್ ಅಂತ ಸದ್ದು. ಒಳಗೆ ಹೋದರೆ ನಮ್ಮ ಕರಿಯ ನೆಲದ ಮೇಲೆ ನಿಂತು ಬಾಲ ಅಲ್ಲಾಡಿಸುತ್ತಿದ್ದಾನೆ. ಸೋಫಾ ಮುಟ್ಟಿ ನೋಡಿದರೆ ನಡುವಿನ ತಗ್ಗು ಇನ್ನೂ ಬೆಚ್ಚಗಿದೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಒಂದಿಡೀ ಮಳೆಗಾಲ ಇದೇ ಕಥೆ.

ಬಂದ ಮೇಲೆ ದಯವಿಟ್ಟು ಬೈಯಬೇಡಿ. ಆಗ ಅದು ಮಾಡುತ್ತಿರುವುದು ನಿಮ್ಮನ್ನು ನೋಡಿ ಖುಷಿಪಡುವುದು, ಬೈಗುಳ ಅದಕ್ಕೇ ಅಂತ ತಿಳಿಯುತ್ತದೆ. ಕಿವಿ ಹಿಂದೆ ಮಾಡಿ ಮುಖ ತಿರುಗಿಸಿದರೆ ತಪ್ಪು ಒಪ್ಪಿಕೊಂಡಿತು ಅಂದುಕೊಳ್ಳುತ್ತೇವೆ, ಅಲ್ವಾ? 2009ರಲ್ಲಿ ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳ ಜೊತೆ ಇದನ್ನೇ ಪರೀಕ್ಷೆ ಮಾಡಿದರು. ಬೇಡ ಅಂದ ತಿಂಡಿಯನ್ನು ಮುಟ್ಟದೆಯೂ ಬೈಸಿಕೊಂಡ ನಾಯಿಗಳೇ ಜಾಸ್ತಿ ಸಪ್ಪೆ ಮುಖ ಮಾಡಿದವು. ಅಂದರೆ ಅದು ನಮ್ಮ ಕೋಪಕ್ಕೆ ಹೆದರಿದ ಮುಖ.

ಹಾಗಾಗಿ ಮೊದಲು ಸೋಫಾ ಮೇಲೆ ಮಲಗಲು ಜಾಗವೇ ಇರಬಾರದು. ಬೆಡ್‌ರೂಮ್ ಬಾಗಿಲು ಹಾಕಿ. ಕುಶನ್ ತೆಗೆಯಲು ಬಂದರೆ ತೆಗೆದು ಒಳಗಿಡಿ, ಸೀಟಿನ ಮೇಲೆ ಎರಡು ಪ್ಲಾಸ್ಟಿಕ್ ಟಬ್ ಬೋರಲು ಹಾಕಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಕೆಲಸ ಆಗುತ್ತದೆ. ಖಾರದ ಪುಡಿ, ಇಲಿ ಬೋನು, ಶಾಕ್ ಕೊಡುವ ಚಾಪೆ ಮಾತ್ರ ಬೇಡವೇ ಬೇಡ. ಮೂಕಪ್ರಾಣಿ, ಒಂಟಿಯಾಗಿದ್ದಾಗ ಗಾಯವಾದರೆ ನೋಡುವವರು ಯಾರು?

ಇಷ್ಟಕ್ಕೇ ನಿಲ್ಲಿಸಿದರೆ ಅದು ಪಾಪ ಎಲ್ಲಿ ಮಲಗಬೇಕು? ಸೋಫಾ ಮೆತ್ತಗಿದೆ, ನಮ್ಮ ವಾಸನೆ ಇದೆ, ಕಿಟಕಿಯಿಂದ ಕೆಳಗಿನ ಗೇಟೂ ಕಾಣುತ್ತದೆ, ಮೇಲಾಗಿ ಮುಂಬೈ ಮಳೆಯಲ್ಲಿ ಟೈಲ್ಸ್ ನೆಲ ತಣ್ಣಗೆ ಪಸೆ ಪಸೆ ಅನ್ನುತ್ತಿರುತ್ತದೆ. ನೆಲದ ಮೇಲೆ ಇದಕ್ಕಿಂತ ಒಳ್ಳೆ ಜಾಗ ಕೊಡಬೇಕು. ನಾನು ಊರಿಂದ ತಂದ ಹಳೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಜಾರದಂತೆ ಕೆಳಗೆ ರಬ್ಬರ್ ಚಾಪೆ ಹಾಕಿ, ಮೇಲೆ ನನ್ನದೇ ಒಂದು ಒಗೆಯದ ಟೀ ಶರ್ಟ್ ಇಟ್ಟು, ಗೇಟು ಕಾಣುವ ಹಾಗೆ ಬಾಲ್ಕನಿ ಬಾಗಿಲ ಪಕ್ಕ ಹಾಸಿದೆ. ಮೇ ತಿಂಗಳ ಸೆಕೆಗೆ ಅವನು ಕೌದಿ ಬಿಟ್ಟು ಬರಿ ನೆಲದ ಮೇಲೆ ಮಲಗುತ್ತಾನೆ, ಮಲಗಲಿ ಬಿಡಿ. ವಯಸ್ಸಾದ ನಾಯಿಗೆ ಕೀಲುನೋವು ಇರಬಹುದು, ದಪ್ಪ ಹಾಸಿಗೆಯೇ ಬೇಕು.

ಈ ಜಾಗದ ಅಭ್ಯಾಸವನ್ನು ನೀವು ಮನೆಯಲ್ಲಿದ್ದಾಗಲೇ ಮಾಡಿಸಬೇಕು. "ಕೌದಿ" ಅನ್ನಿ, ಅದು ಹೋಗಿ ಕೂತ ಕೂಡಲೇ ಅಲ್ಲೇ ಒಂದು ಚೂರು ಬೇಯಿಸಿದ ಚಿಕನ್ನೋ ಚಪಾತಿಯೋ ಕೊಡಿ. ಮೊದಲು ಐದು ಸೆಕೆಂಡ್, ಆಮೇಲೆ ಒಂದು ನಿಮಿಷ, ಆಮೇಲೆ ನೀವು ಹೊರಗೆ ಹೋಗಿ ಬಾಗಿಲೆಳೆದುಕೊಂಡು ತಕ್ಷಣ ವಾಪಸ್. ಅವಸರ ಮಾಡಬೇಡಿ. ಮನೆಯವರೆಲ್ಲರದೂ ಒಂದೇ ಮಾತಾಗಿರಬೇಕು. ಧಾರವಾಡದಿಂದ ಬಂದ ನಮ್ಮತ್ತೆ ಸಂಜೆ ಟಿವಿ ನೋಡುತ್ತಾ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುತ್ತಿದ್ದರು, ನಾಲ್ಕೇ ದಿನದಲ್ಲಿ ಕಲಿತದ್ದೆಲ್ಲ ಹೋಯಿತು. ಅವರನ್ನೇ ಕೌದಿ ಪಕ್ಕ ಕುರ್ಚಿ ಹಾಕಿಕೊಂಡು ಕೂರಲು ಕೇಳಿಕೊಂಡೆ.

ಹೊರಡುವ ಮುಂಚೆ ಅರ್ಧ ಗಂಟೆ ಚೆನ್ನಾಗಿ ನಡೆಸಿ. ಟೊಳ್ಳು ರಬ್ಬರ್ ಆಟಿಕೆಯಲ್ಲಿ ಮೊಸರನ್ನ ತುಂಬಿ ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಗ್ಗೆ ಕೌದಿ ಮೇಲೆ ಕೊಟ್ಟರೆ ನೆಕ್ಕುತ್ತಾ ಅಲ್ಲೇ ನಿದ್ದೆ ಹೋಗುತ್ತದೆ. ಉಪ್ಪು, ಒಗ್ಗರಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ನಾಯಿಗೆ ವಿಷ. ದಿನವಿಡೀ ಹೊರಗಿರುವವರು ಮಧ್ಯಾಹ್ನ ಯಾರಾದರೂ ಬಂದು ಒಮ್ಮೆ ಕೆಳಗೆ ಕರೆದುಕೊಂಡು ಹೋಗುವ ಹಾಗೆ ನೋಡಿಕೊಳ್ಳಿ.

ನೀವು ಹೋದ ಕೂಡಲೇ ಊಳಿಡುವುದು, ಬಾಗಿಲು ಪರಚುವುದು, ಒಳಗೇ ಉಚ್ಚೆ ಮಾಡುವುದು ಇದ್ದರೆ ಅದು ಒಂಟಿತನದ ಭಯ ಇರಬಹುದು. ಸೋಫಾ ವಿಷಯ ಬಿಟ್ಟು ಮೊದಲು ಪಶುವೈದ್ಯರಿಗೆ ತೋರಿಸಿ.

ಒಂದೆರಡು ತಿಂಗಳಾದ ಮೇಲೆ ಟಬ್ ತೆಗೆದು, ಹಳೇ ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿಟ್ಟು, ಹತ್ತು ನಿಮಿಷ ಕೆಳಗೆ ಹೋಗಿ ಬನ್ನಿ. ಹತ್ತಿದ್ದು ಕಂಡರೆ ಟಬ್ ಮತ್ತೆ ಬೋರಲು ಹಾಕಿ, ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಿ.