ಮಗುವಿನ ಜೊತೆ ಮನೆಯವರೂ ಅಂಗನವಾಡಿಗೆ ಬಂದಾಗ

ಬೆಂಗಳೂರಿನ ಸುಂಕದಕಟ್ಟೆ ಕಡೆಯ ಒಂದು ಬಾಡಿಗೆ ಕಟ್ಟಡದಲ್ಲಿ ನಮ್ಮ ಅಂಗನವಾಡಿ ನಡೆಯುತ್ತದೆ. ಒಂದೇ ಕೋಣೆ, ಹಿಂದೆ ಅಡುಗೆಗೆ ಒಂದಿಷ್ಟು ಜಾಗ, ಮುಂದೆ ಚಪ್ಪಲಿ ಬಿಡುವಷ್ಟು ಜಗಲಿ. ಸುತ್ತಲಿನ ಹೆಂಗಸರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವವರು. ಗಂಡಸರು ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ, ಆಟೊದಲ್ಲಿ, ಗಾರೆ ಕೆಲಸದಲ್ಲಿ ಇದ್ದಾರೆ. ಇಲ್ಲಿ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಾ ನನಗೆ ಖಚಿತವಾದದ್ದು ಒಂದೇ. ಅಮ್ಮನೋ ಅಪ್ಪನೋ ಅಜ್ಜಿಯೋ, ಮನೆಯವರಲ್ಲಿ ಒಬ್ಬರಾದರೂ ಒಳಗೆ ಬಂದು ಕೂತು ನಾವು ಏನು ಮಾಡುತ್ತೇವೆಂದು ನೋಡದಿದ್ದರೆ ಆ ಮಗು ನಮ್ಮಲ್ಲಿ ನಿಲ್ಲುವುದಿಲ್ಲ. ಹೆಸರು ರಿಜಿಸ್ಟರ್‌ನಲ್ಲಿ ಇರುತ್ತದೆ, ಮಗು ಮನೆಯಲ್ಲಿ ಇರುತ್ತದೆ.

ಬಹಳ ಜನಕ್ಕೆ ಅಂಗನವಾಡಿ ಅಂದರೆ ಹಿಟ್ಟು, ಮೊಟ್ಟೆ ಕೊಡುವ ಜಾಗ ಅಷ್ಟೆ. ಅಂಗನವಾಡಿಗಳು ನಡೆಯುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗಲೇ ಶಾಲಾಪೂರ್ವ ಶಿಕ್ಷಣ ಅದರ ಆರು ಸೇವೆಗಳಲ್ಲಿ ಒಂದಾಗಿತ್ತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಇವು ಉಳಿದ ಐದು. ಅಂದರೆ 3ರಿಂದ 6 ವರ್ಷದ ಮಕ್ಕಳ ಕಲಿಕೆ ನಮಗೆ ನಿನ್ನೆ ಮೊನ್ನೆ ಅಂಟಿಕೊಂಡ ಕೆಲಸ ಅಲ್ಲ. ಆದರೂ ನಮ್ಮ ಬೀದಿಯಲ್ಲೇ ಮಹಡಿ ಮೇಲೆ ಒಂದು ಕಾನ್ವೆಂಟ್ ಬೋರ್ಡ್ ಹಾಕಿದರೆ ಸಾಕು, ಸಾಲ ಮಾಡಿಯಾದರೂ ಮಗುವಿಗೆ ಟೈ ಕಟ್ಟಿ ಎಲ್‌ಕೆಜಿಗೆ ಕಳಿಸುತ್ತಾರೆ. ಅವರ ಆಸೆಯನ್ನು ನಾನು ತಪ್ಪು ಅನ್ನುವುದಿಲ್ಲ. ಮಗು ಇಂಗ್ಲಿಷ್ ಕಲಿತು ತಮ್ಮ ಹಾಗೆ ಶಿಫ್ಟ್ ಕೆಲಸಕ್ಕೆ ಹೋಗದಿರಲಿ ಅನ್ನುವುದು ಸಣ್ಣ ಆಸೆಯಲ್ಲ. 2024ರಲ್ಲಿ ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ನಡೆಸಬೇಕು ಅನ್ನುವ ನಮ್ಮ ಹೋರಾಟದ ನಂತರ ಬೆಂಗಳೂರಿನ ಕೆಲವು ಕೇಂದ್ರಗಳು ಸರ್ಕಾರಿ ಮಾಂಟೆಸ್ಸರಿಗಳಾದವು. ಅದು ಒಳ್ಳೆಯ ಹೆಜ್ಜೆ ಎಂದೇ ನನ್ನ ಅಭಿಪ್ರಾಯ. ಆದರೆ ಬೋರ್ಡ್ ಬದಲಾದ ಮಾತ್ರಕ್ಕೆ ತಾಯಿಯ ಅನುಮಾನ ಹೋಗುವುದಿಲ್ಲ. ಅದನ್ನು ಒಬ್ಬೊಬ್ಬರ ಹತ್ತಿರ ಕೂತು ಮಾತಾಡಿಯೇ ಕಳೆಯಬೇಕು.

ನಾನು ಮೊದಲು ಬದಲಾಯಿಸಿದ್ದು ಸಭೆಯ ದಿನವನ್ನು. ವಾರದ ದಿನ ಮಧ್ಯಾಹ್ನ ಪೋಷಕರ ಸಭೆ ಕರೆದರೆ ಗಾರ್ಮೆಂಟ್ಸ್ ಹೆಂಗಸು ಹೇಗೆ ಬರುತ್ತಾಳೆ? ಅರ್ಧ ದಿನ ರಜೆ ಹಾಕಿದರೆ ಸಂಬಳ ಹಿಡಿಯುತ್ತಾರೆ, ಮೇಲೆ ಸೂಪರ್‌ವೈಸರ್ ಬೈಗುಳ. ಅಂಗನವಾಡಿಗೆ ನೆರವಾಗುವ ಸ್ಥಳೀಯರ ಬಾಲವಿಕಾಸ ಸಮಿತಿಯವರ ಹತ್ತಿರ ಮಾತಾಡಿ ತಾಯಂದಿರ ಸಭೆಯನ್ನು ಭಾನುವಾರ ಬೆಳಿಗ್ಗೆಗೆ ಹಾಕಿದೆ. ನನ್ನ ರಜೆ ಹೋಯಿತು ನಿಜ. ಆದರೆ ಅಪ್ಪಂದಿರೂ ಬರಲು ಶುರು ಮಾಡಿದ್ದು ಆಗಲೇ. ಬಾಗಿಲ ಹೊರಗೆ ನಿಂತು ಬೀಡಿ ಆರಿಸಿ, ಸಂಕೋಚದಿಂದ ಒಳಗೆ ಬಂದು ಮಕ್ಕಳ ಚಾಪೆ ಮೇಲೆ ಕೂರುತ್ತಿದ್ದರು.

ಆ ಸಭೆಗಳಲ್ಲಿ ಬಂದ ಮೊದಲ ಪ್ರಶ್ನೆ ಬರವಣಿಗೆಯದೇ. "ಬರೀ ಆಟ ಆಡಿಸ್ತೀರಂತೆ ಮಿಸ್, ಎಬಿಸಿಡಿ ಯಾವಾಗ ಬರೆಸ್ತೀರಾ? ಪಕ್ಕದ ಮನೆ ಹುಡುಗಿ ಆಗ್ಲೇ ನೂರರವರೆಗೂ ಬರೀತಾಳೆ" ಅಂತ. ಮೂರು ವರ್ಷದ ಮಗುವಿನ ಬೆರಳಿಗೆ ಪೆನ್ಸಿಲ್ ಹಿಡಿದು ಅಕ್ಷರ ಬರೆಯುವಷ್ಟು ಬಲ ಇರುವುದಿಲ್ಲ ಎಂದು ನಾನು ಬಾಯಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಹಾಗಾಗಿ ಮಕ್ಕಳು ಮಾಡುವುದನ್ನೇ ಅವರ ಮುಂದೆ ಇಟ್ಟೆ. ಒಂದು ತಟ್ಟೆಯಲ್ಲಿ ಹೆಸರುಕಾಳು, ಕಡಲೆಕಾಳು, ಅವರೆಕಾಳು ಬೆರೆಸಿ ಇಟ್ಟಿದ್ದೆ. ಇನ್ನೊಂದು ಕಡೆ ಮಣಿ ಪೋಣಿಸಲು ದಾರ, ಹರಿಯಲು ಹಳೆಯ ಪೇಪರ್, ಒಂದು ಉಂಡೆ ಜೇಡಿಮಣ್ಣು. ನಾಲ್ಕು ವರ್ಷದ ಹುಡುಗನೊಬ್ಬ ಅಮ್ಮನ ಎದುರು ಕೂತು, ನಾಲಿಗೆ ತುದಿ ಹೊರಗೆ ಹಾಕಿ, ಹೆಬ್ಬೆರಳು ತೋರುಬೆರಳಲ್ಲಿ ಹೆಸರುಕಾಳನ್ನು ಒಂದೊಂದಾಗಿ ಎತ್ತಿ ಬಟ್ಟಲಿಗೆ ಹಾಕುತ್ತಿದ್ದ. ಜಾರಿದ ಕಾಳನ್ನು ಚಾಪೆ ಸಂದಿಯಿಂದ ಹುಡುಕಿ ತೆಗೆದ. ಹೆಸರುಕಾಳು ಮುಗಿಸಿ ಕಡಲೆಗೆ ಹೋದ, ತಾನಾಗೇ ಎಣಿಸತೊಡಗಿದ. ಅವನ ತಾಯಿ ಕಾಲರ್ ಸೆಕ್ಷನ್‌ನಲ್ಲಿ ಟೈಲರ್. ಸ್ವಲ್ಪ ಹೊತ್ತು ನೋಡಿ ಆಕೆಯೇ ಉಳಿದವರಿಗೆ ಹೇಳಿದಳು: "ನಮ್ಗೂ ಟ್ರೈನಿಂಗಲ್ಲಿ ಮೊದ್ಲು ದಾರ ಹಾಕ್ದೆ ಪೇಪರ್ ಮೇಲೆ ಮಿಷನ್ ಓಡಿಸೋಕೆ ಹೇಳ್ತಿದ್ರಲ್ವಾ, ಇದೂ ಹಂಗೇ. ಕೈ ಕೂತ್ಮೇಲೆ ಬಟ್ಟೆ ಕೊಡೋದು."

ನಾನು ತರಬೇತಿಯಲ್ಲಿ ಕೇಳಿದ ಯಾವ ವಿವರಣೆಯೂ ಅಷ್ಟು ಸಲೀಸಾಗಿ ಅವರ ಮನಸ್ಸಿಗೆ ಹೋಗಿರಲಿಲ್ಲ. ಅವತ್ತಿನಿಂದ ಹೊಸಬರಿಗೆ ವಿವರಿಸುವ ಕೆಲಸವನ್ನು ಹಳೆಯ ತಾಯಂದಿರಿಗೇ ಬಿಟ್ಟಿದ್ದೇನೆ.

ಹೊಸ ಮಗುವನ್ನು ಬಿಟ್ಟು ತಕ್ಷಣ ಓಡಿಹೋಗಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಮಗು ಆಟದಲ್ಲಿ ಮೈಮರೆತಾಗ ಹೇಳದೆ ಕದ್ದು ಹೋಗುವುದು ನಮ್ಮಲ್ಲಿ ರೂಢಿ. ಮರುದಿನ ಆ ಮಗು ಬಾಗಿಲಲ್ಲೇ ಸೆರಗು ಹಿಡಿದುಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಮನೆಯವರೊಬ್ಬರು ಗೋಡೆ ಪಕ್ಕ ಕೂರಲಿ, ಹೋಗುವಾಗ "ಊಟ ಆದ್ಮೇಲೆ ಬರ್ತೀನಿ ಕಂದ" ಎಂದು ಮುಖ ನೋಡಿ ಹೇಳಲಿ, ಹೇಳಿದ ಹೊತ್ತಿಗೆ ಬರಲಿ. ತಾಯಿಗೆ ಆಗದಿದ್ದರೆ ಅಜ್ಜಿ, ಅಜ್ಜಿ ಊರಲ್ಲಿದ್ದರೆ ವಠಾರದ ಪಕ್ಕದ ಮನೆಯಾಕೆ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಒಂದು ಕುಟುಂಬದ ಹುಡುಗಿ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಅವಳ ಅಜ್ಜಿಯನ್ನು ಕೂರಿಸಿಕೊಂಡು, ಅವರ ಊರಲ್ಲಿ ಮಕ್ಕಳನ್ನು ಆಡಿಸುವ ಹಾಡು ಹೇಳಿಸಿದೆ. "ನಮ್ಮ ಹಾಡ ಇಲ್ಲಿ ಮಂದಿಗೆ ತಿಳೀತದೇನ್ರೀ ಟೀಚರ್" ಎಂದು ನಾಚಿಕೊಂಡರೂ ಹಾಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು, ಹುಡುಗಿ ಎದ್ದು ಅಜ್ಜಿಯ ಪಕ್ಕ ನಿಂತು ಎರಡನೇ ಸಾಲು ತಾನು ಹಾಡಿದಳು. ಅಂಗನವಾಡಿಯ ಶಾಲಾಪೂರ್ವ ಪಠ್ಯವಾದ 'ಚಿಲಿಪಿಲಿ'ಯ ಚಟುವಟಿಕೆಗಳ ಜೊತೆ ಆ ಹಾಡೂ ಈಗ ನಮ್ಮ ಬೆಳಗಿನ ವೃತ್ತದಲ್ಲಿ ಸೇರಿಕೊಂಡಿದೆ. ತೆಲುಗು, ತಮಿಳು, ಉರ್ದು ಮಾತಾಡುವ ಮನೆಗಳ ಮಕ್ಕಳೂ ಇದ್ದಾರೆ. ಅವರ ಮನೆಯಿಂದಲೂ ಹೀಗೇ ಒಂದೊಂದು ಹಾಡು ಕೇಳಿ ಪಡೆದಿದ್ದೇನೆ.

ಊಟದ ವಿಷಯಕ್ಕೆ ಬಂದರೆ, 3ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನ್ ಸಿಗಬೇಕು ಅನ್ನುವ ನಿಯಮ ಇದೆ. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಬಂದ ಮೇಲೆ 150 ಮಿ.ಲೀ. ಹಾಲೂ ಸೇರಿತು. ಬೆಳಿಗ್ಗೆ ಕೆಲಸದ ಅವಸರದಲ್ಲಿ ಮನೆಯಲ್ಲಿ ಟೀ ಬನ್ನು ತಿಂದು ಬರುವ ಮಕ್ಕಳಿಗೆ ಆ ಹಾಲು ಎಷ್ಟು ಮುಖ್ಯ ಎಂದು ಅವರ ಲೋಟ ಖಾಲಿಯಾಗುವ ವೇಗ ನೋಡಿದರೆ ಗೊತ್ತಾಗುತ್ತದೆ. ನಮ್ಮ ಸಹಾಯಕಿ ಹಾಲಿನ ಪುಡಿಯನ್ನು ಗಂಟಿಲ್ಲದ ಹಾಗೆ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಆಮೇಲೆ ಕುದಿಸುತ್ತಾರೆ. ಗಂಟು ಬಂದರೆ ಮಕ್ಕಳು ಮುಟ್ಟುವುದಿಲ್ಲ.

ತಿಂಗಳಿಗೊಮ್ಮೆ ತೂಕ ನೋಡುವಾಗಲೂ ನಾನು ಮನೆಯವರನ್ನು ಕರೆಯುತ್ತೇನೆ. ಬೆಳವಣಿಗೆಯ ಗೆರೆ ಮೇಲೆ ಹೋಗುತ್ತಿದೆಯೋ, ಚಪ್ಪಟೆಯಾಯಿತೋ ಎಂದು ಅವರ ಬೆರಳಿಂದಲೇ ಮುಟ್ಟಿಸಿ ತೋರಿಸುತ್ತೇನೆ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ, ಕಾಯುವ ಮಾತೇ ಇಲ್ಲ. ಅಂಥ ಮಕ್ಕಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು 14 ದಿನ ಇರಬೇಕಾಗಬಹುದು ಎಂದರೆ ತಾಯಿ ಹಿಂಜರಿಯುವುದು ಸಹಜ, ಕೂಲಿ ಹೋಗುತ್ತದೆ, ಮನೆಯಲ್ಲಿ ಇನ್ನೊಂದು ಮಗು ಇರುತ್ತದೆ. ಆಗ ಬರೀ ಚೀಟಿ ಬರೆದುಕೊಟ್ಟರೆ ಆಗುವುದಿಲ್ಲ. ನಾನು, ಆಶಾ ಕಾರ್ಯಕರ್ತೆ ಇಬ್ಬರೂ ಸಂಜೆ ಅವರ ಮನೆಗೆ ಹೋಗಿ, ಗಂಡ ಮನೆಗೆ ಬರುವ ತನಕ ಕಾದು, ಇನ್ನೊಂದು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಇತ್ಯರ್ಥ ಮಾಡಿಯೇ ಏಳುತ್ತೇವೆ. ಅಲ್ಲಿದ್ದಷ್ಟು ದಿನ ತಾಯಿಗೂ ಊಟ, ಕೂಲಿ ನಷ್ಟಕ್ಕೆ ಒಂದಿಷ್ಟು ಪರಿಹಾರ ಇದೆ ಎಂಬುದನ್ನು ಮೊದಲೇ ಹೇಳಬೇಕು. ಅನೇಕರಿಗೆ ಅದು ಗೊತ್ತೇ ಇರುವುದಿಲ್ಲ.

ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಜರಿ, ತೂಕ, ಆಹಾರ ಎಲ್ಲ ತುಂಬಬೇಕು. ಬೇಕಾದ ಕೆಲಸವೇ. ಆದರೆ ಬೆಳಗಿನ ಹಾಡು, ಕಥೆಯ ಹೊತ್ತಿನಲ್ಲಿ ನಾನು ಫೋನ್ ಕೈಗೆತ್ತಿಕೊಳ್ಳುವುದಿಲ್ಲ. ಮಕ್ಕಳು ಮಲಗಿದ ಮೇಲೆ ತುಂಬುತ್ತೇನೆ.

ಕೇಳುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ಬಂದಿದೆ. 2025-26ನೇ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಹಾಗಾಗಿ ಮೂರು ತುಂಬಿದ ಮಗುವಿಗೆ ಶಾಲೆಗೆ ಮೊದಲು ಪೂರ್ತಿ ಮೂರು ವರ್ಷ ಇದೆ, ಬರೆಸಲು ಅವಸರ ಬೇಡ. ನಮ್ಮಲ್ಲಿ ಶುಲ್ಕವಿಲ್ಲ, ಡೊನೇಷನ್ ಇಲ್ಲ. ತಾಯಿ ಮಗುವಿನ ತಪಾಸಣೆ, ಚುಚ್ಚುಮದ್ದು ಬರೆದಿಡುವ ತಾಯಿ ಕಾರ್ಡ್ ಇದ್ದರೆ ತನ್ನಿ, ಯಾವ ಚುಚ್ಚುಮದ್ದು ಬಾಕಿ ಎಂದು ಅವತ್ತೇ ನೋಡಿಬಿಡೋಣ. ಬಾಡಿಗೆ ಜಾಸ್ತಿಯಾಯಿತೆಂದು ಬೇರೆ ಏರಿಯಾಗೆ ಹೋಗುವವರು, ಕಟ್ಟಡ ಮುಗಿಯಿತೆಂದು ಊರಿಗೆ ಹೊರಡುವವರು, ಹೋಗುವ ಮೊದಲು ದಯವಿಟ್ಟು ನನಗೆ ಒಂದು ಮಾತು ಹೇಳಿ. ಮಗುವಿನ ಹೆಸರನ್ನು ಆ್ಯಪ್‌ನಲ್ಲೇ ಅಲ್ಲಿನ ಅಂಗನವಾಡಿಗೆ ವರ್ಗಾಯಿಸಬಹುದು, ಊಟವೂ ಕಲಿಕೆಯೂ ನಡುವೆ ನಿಲ್ಲಬೇಕಾಗಿಲ್ಲ.